ಹೆಣ ಸಿಕ್ಕ ಮೇಲೆ ಓಡುವ ಸಿನಿಮಾ: ‘ಜಾನೇ ಭೀ ದೋ ಯಾರೋ’ ಈಗ ನೋಡಿದರೆ ನಗು ಬರುತ್ತದೆಯೇ?

ಬರುತ್ತದೆ, ಆದರೆ ತಡವಾಗಿ. 1983ರ ಈ ಹಿಂದಿ ಚಿತ್ರವನ್ನು ಹೊಸಬರಿಗೆ ತೋರಿಸುವವರು ಸಾಮಾನ್ಯವಾಗಿ ಮಾಡುವ ಎಡವಟ್ಟು ಒಂದೇ: ‘ಶುರುವಿನಿಂದ ಕೊನೆಯವರೆಗೆ ಹೊಟ್ಟೆ ಹುಣ್ಣಾಗುತ್ತದೆ’ ಎಂದು ಹೇಳಿ ಕೂರಿಸುವುದು. ಹಾಗೆ ಕೂತವರು ಅರ್ಧ ಗಂಟೆಯಾದರೂ ನಗು ಬರದೆ ಮೊಬೈಲು ಕೈಗೆತ್ತಿಕೊಳ್ಳುತ್ತಾರೆ. ಕಮಿಷನರ್ ಡಿಮೆಲ್ಲೊ ಬದುಕಿರುವಷ್ಟು ಹೊತ್ತು ಇದು ತುಂಡು ತುಂಡು ತಮಾಷೆಗಳ ಸರಮಾಲೆ. ಒಂದು ಚೆನ್ನಾಗಿದೆ, ಇನ್ನೊಂದು ಸಪ್ಪೆ. ಆತ ಸತ್ತು, ಅವನ ಹೆಣ ಎಲ್ಲರಿಗೂ ಬೇಕಾದ ವಸ್ತುವಾದ ಮೇಲೆ ಚಿತ್ರಕ್ಕೆ ಜೀವ ಬರುತ್ತದೆ.

ಕಥೆಯನ್ನು ನೆನಪಿಗೆ ಬೇಕಾದಷ್ಟು ಹೇಳಿಬಿಡೋಣ. ಬೊಂಬಾಯಿಯ ಹಾಜಿ ಅಲಿ ಹತ್ತಿರ ವಿನೋದ್ (ನಸೀರುದ್ದೀನ್ ಶಾ) ಮತ್ತು ಸುಧೀರ್ (ರವಿ ಬಾಸ್ವಾನಿ) ‘ಬ್ಯೂಟಿ ಫೋಟೋ ಸ್ಟುಡಿಯೋ’ ತೆರೆಯುತ್ತಾರೆ. ಗಿರಾಕಿ ಇಲ್ಲ. ‘ಖಬರ್‌ದಾರ್’ ಪತ್ರಿಕೆಯ ಸಂಪಾದಕಿ ಶೋಭಾ ಸೇನ್ (ಭಕ್ತಿ ಬರ್ವೆ) ಇವರ ಕೈಗೆ ಕದ್ದು ಫೋಟೋ ತೆಗೆಯುವ ಕೆಲಸ ಕೊಡುತ್ತಾಳೆ. ಬಿಲ್ಡರ್ ತರ್ನೇಜಾ (ಪಂಕಜ್ ಕಪೂರ್), ಅವನ ಎದುರಾಳಿ ಬಿಲ್ಡರ್ ಅಹುಜಾ (ಓಂ ಪುರಿ), ಇಬ್ಬರಿಂದಲೂ ಲಂಚ ತಿನ್ನುವ ಪಾಲಿಕೆ ಕಮಿಷನರ್ ಡಿಮೆಲ್ಲೊ (ಸತೀಶ್ ಶಾ). ಒಂದು ಫೋಟೋ ಸ್ಪರ್ಧೆಗೆಂದು ಊರೆಲ್ಲ ಸುತ್ತಿ ತೆಗೆದ ಚಿತ್ರಗಳಲ್ಲಿ ಒಂದರ ಮೂಲೆಯಲ್ಲಿ ಕೊಲೆ ಕಾಣಿಸುತ್ತದೆ. ಅಲ್ಲಿಂದ ಹೆಣದ ಬೇಟೆ.

ನಿರ್ದೇಶಕ ಕುಂದನ್ ಶಾಗೆ ಇದು ಮೊದಲ ಕಥಾಚಿತ್ರ. ಹಣ ಹಾಕಿದ್ದು ಎನ್‌ಎಫ್‌ಡಿಸಿ, ಅಂದರೆ ಸರ್ಕಾರವೇ. ಒಟ್ಟು ಖರ್ಚು ಸುಮಾರು 7 ಲಕ್ಷ ರೂಪಾಯಿ. ಸರ್ಕಾರದ ದುಡ್ಡಿನಲ್ಲಿ ಸರ್ಕಾರಿ ಅಧಿಕಾರಿಯ ಹೆಣವನ್ನು ಊರೆಲ್ಲ ಮೆರವಣಿಗೆ ಮಾಡಿಸಿದ್ದಾರೆ. ಇಂಥ ಅರ್ಜಿ ಇವತ್ತು ಯಾವ ಟೇಬಲ್ಲಿನಲ್ಲಿ ಎಷ್ಟು ದಿನ ಕೂರುತ್ತಿತ್ತೋ! ಚಿತ್ರಕಥೆ ಕುಂದನ್ ಶಾ ಮತ್ತು ಸುಧೀರ್ ಮಿಶ್ರಾ ಅವರದು. ಸಂಭಾಷಣೆ ರಂಜಿತ್ ಕಪೂರ್, ಸತೀಶ್ ಕೌಶಿಕ್. ನಾಯಕರ ಪೂರ್ತಿ ಹೆಸರು ವಿನೋದ್ ಚೋಪ್ರಾ, ಸುಧೀರ್ ಮಿಶ್ರಾ. ತಂಡದಲ್ಲೇ ಇದ್ದ ವಿಧು ವಿನೋದ್ ಚೋಪ್ರಾ ಮತ್ತು ಸಹಲೇಖಕನ ಹೆಸರನ್ನೇ ಪಾತ್ರಗಳಿಗೆ ಅಂಟಿಸಿದ್ದಾರೆ. ಒಳಗಿನವರಿಗಷ್ಟೇ ತಟ್ಟುವ ಇಂಥ ತಮಾಷೆಗಳೇ ಮೊದಲರ್ಧದ ಕಷ್ಟ.

ಹಳಸಿರುವುದು ಏನು ಎನ್ನುವುದನ್ನು ಮೊದಲು ನೋಡಿಬಿಡೋಣ.

ಕೊಲೆ ನಡೆಯುವ ಪಾರ್ಕಿನ ಹೆಸರು ‘ಆಂಟೋನಿಯೋನಿ ಪಾರ್ಕ್’. ಇಟಲಿಯ ನಿರ್ದೇಶಕ ಆಂಟೋನಿಯೋನಿಯ 1966ರ ‘ಬ್ಲೋ-ಅಪ್’ ಚಿತ್ರದಲ್ಲಿ ಲಂಡನ್ನಿನ ಫೋಟೋಗ್ರಾಫರನೊಬ್ಬ ಪಾರ್ಕಿನಲ್ಲಿ ತೆಗೆದ ಫೋಟೋವನ್ನು ದೊಡ್ಡದು ಮಾಡುತ್ತಾ ಹೋಗಿ ಕೊಲೆಯ ಸುಳಿವು ಕಾಣುತ್ತಾನೆ. ಅದು ಗೊತ್ತಿದ್ದವರಿಗೆ ಪಾರ್ಕಿನ ಹೆಸರು ಕಂಡ ಕೂಡಲೇ ನಗು; ಗೊತ್ತಿಲ್ಲದವರಿಗೆ ಅದೊಂದು ಬೋರ್ಡು. ಗುಪ್ತ ಸಂಕೇತವಾಗಿ ‘ಆಲ್ಬರ್ಟ್ ಪಿಂಟೋಗೆ ಯಾಕೆ ಸಿಟ್ಟು ಬರುತ್ತದೆ’ ಎಂಬ ಮಾತು ಬಳಕೆಯಾಗುತ್ತದೆ. ಅದು ಸಯೀದ್ ಮಿರ್ಜಾರ 1980ರ ಚಿತ್ರದ ಹೆಸರು, ಅದರಲ್ಲಿ ಆಲ್ಬರ್ಟ್ ಪಿಂಟೋ ಆಗಿದ್ದವರು ಇದೇ ನಸೀರುದ್ದೀನ್. ಇದನ್ನು ಮೊದಲೇ ಹೇಳಿ ಕೂರಿಸಿದರೆ ಒಂದು ಮುಗುಳ್ನಗೆಯಾದರೂ ಸಿಗುತ್ತದೆ. ದೃಶ್ಯ ಮುಗಿದ ಮೇಲೆ ವಿವರಿಸಿದರೆ ಅದೂ ಇಲ್ಲ.

ಆದರೆ ಫೋಟೋ ದೊಡ್ಡದು ಮಾಡುವ ದೃಶ್ಯವನ್ನು ಹಳೆಯ ತಂತ್ರಜ್ಞಾನ ಎಂದು ತಳ್ಳಬೇಡಿ. ಅದರಲ್ಲಿ ಚಿತ್ರದ ಬುದ್ಧಿ ಇದೆ. ಮೊಬೈಲಿನಲ್ಲಿ ಎರಡು ಬೆರಳು ಅಗಲಿಸಿ ಫೋಟೋ ಹಿಗ್ಗಿಸುವ ತಲೆಮಾರಿಗೆ ಡಾರ್ಕ್‌ರೂಮಿನ ಲೆಕ್ಕ ಸ್ವಲ್ಪ ಗೊತ್ತಿರಬೇಕು. 35 ಎಂಎಂ ನೆಗೆಟಿವಿನ ಒಂದು ಚೌಕಟ್ಟು 36 ಮಿಲಿಮೀಟರು ಅಗಲ, 24 ಎತ್ತರ. ಅದನ್ನು 12 ಇಂಚು ಅಗಲದ ಕಾಗದಕ್ಕೆ ಮುದ್ರಿಸಿದರೆ ಸುಮಾರು ಎಂಟೂವರೆ ಪಟ್ಟು ಹಿಗ್ಗಿದಂತೆ. ನೆಗೆಟಿವಿನ ಒಂದು ಮೂಲೆಯ ಮೂರೂವರೆ ಮಿಲಿಮೀಟರನ್ನು ಅದೇ ಕಾಗದಕ್ಕೆ ತುಂಬಿಸಬೇಕೆಂದರೆ ಎಂಬತ್ತು ಪಟ್ಟು ದಾಟುತ್ತದೆ. ಫೋಟೋ ಹಿಗ್ಗಿಸುವ ಯಂತ್ರ ಎನ್‌ಲಾರ್ಜರಿನ ಕಂಬ ಅಷ್ಟು ಎತ್ತರಕ್ಕೆ ಹೋಗುವುದಿಲ್ಲ, ಅದರ ತಲೆಯನ್ನು ತಿರುಗಿಸಿ ಗೋಡೆಗೋ ನೆಲಕ್ಕೋ ಬೆಳಕು ಬಿಡಬೇಕು. ಬೆಳಕು ಅಷ್ಟಗಲಕ್ಕೆ ಹರಡಿ ತೆಳ್ಳಗಾಗುವುದರಿಂದ ಕಾಗದಕ್ಕೆ ಬೆಳಕು ಬಿಡುವ ಹೊತ್ತು (ಎಕ್ಸ್‌ಪೋಷರು) ಹತ್ತು ಸೆಕೆಂಡಿನಿಂದ ಕಾಲು ಗಂಟೆಯ ಹತ್ತಿರ ಬರುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಕಾಗದದ ಮೇಲೆ ಮೂಡುವುದು ಮುಖವಲ್ಲ, ಬೆಳ್ಳಿಯ ಹರಳುಗಳು, ಬರೀ ಚುಕ್ಕೆ.

ಆಂಟೋನಿಯೋನಿ ಈ ಚುಕ್ಕೆಗಳನ್ನೇ ನಂಬಿದರು. ಅವರ ಚಿತ್ರದಲ್ಲಿ ಫೋಟೋ ಹಿಗ್ಗಿದಷ್ಟೂ ಕಂಡದ್ದು ನಿಜವೋ ಭ್ರಮೆಯೋ ಎಂಬ ಅನುಮಾನ ಹೆಚ್ಚುತ್ತದೆ. ಕುಂದನ್ ಶಾ ಅದನ್ನು ತಿರುಗಿಸಿಟ್ಟಿದ್ದಾರೆ. ಇಲ್ಲಿ ಹಿಗ್ಗಿಸಿದಷ್ಟೂ ಎಲ್ಲ ನಿಚ್ಚಳ: ಪಿಸ್ತೂಲು ಹಿಡಿದವನು ತರ್ನೇಜಾ, ಅನುಮಾನವೇ ಬೇಡ. ಭೌತಶಾಸ್ತ್ರಕ್ಕೆ ಇದು ಸುಳ್ಳು, ನಮ್ಮ ದೇಶಕ್ಕೆ ನಿಜ. ಇಲ್ಲಿ ಯಾರು ಮಾಡಿದರು ಎನ್ನುವುದು ಎಲ್ಲರಿಗೂ ಗೊತ್ತಿರುತ್ತದೆ. ಸಾಕ್ಷಿ ಕೈಯಲ್ಲಿದ್ದೂ ಏನೂ ಆಗುವುದಿಲ್ಲ ಎನ್ನುವುದೇ ಈ ಚಿತ್ರದ ಜೋಕು. ಆಂಟೋನಿಯೋನಿಯ ಹೆಸರು ಕೇಳದವರಿಗೂ ಇಷ್ಟು ದಕ್ಕುತ್ತದೆ.

ಟೆಲಿಫೋನ್ ದೃಶ್ಯದ್ದು ಬೇರೆ ಸಮಸ್ಯೆ. ವಿನೋದ್ ಮತ್ತು ತರ್ನೇಜಾನ ಬಂಟ ಅಶೋಕ್ ನಂಬೂದಿರಿಪಾದ್ (ಸತೀಶ್ ಕೌಶಿಕ್, ಆ ಮುಖಕ್ಕೆ ಆ ಹೆಸರಿಟ್ಟಿದ್ದೇ ಒಂದು ಕೀಟಲೆ) ಒಂದೇ ಜಾಗದಲ್ಲಿ ಎರಡು ಫೋನು ಹಿಡಿದು, ದೂರದ ಯಾರೊಂದಿಗೋ ಮಾತಾಡುತ್ತಿದ್ದೇವೆ ಎಂದುಕೊಂಡು ಪರಸ್ಪರರೊಂದಿಗೇ ಮಾತಾಡುತ್ತಾರೆ. ಇದಕ್ಕೆ ವೈರು ಬೇಕು, ಆ ವೈರಿನ ಉದ್ದಕ್ಕೊಂದು ಮಿತಿ ಬೇಕು, ಲೈನು ಎಲ್ಲಿಂದ ಎಲ್ಲಿಗೆ ಸೇರಿದೆಯೋ ಗೊತ್ತಾಗದ ಕಾಲ ಬೇಕು. ಟ್ರಂಕ್ ಕಾಲ್ ಬುಕ್ ಮಾಡಿ, ಕ್ರಾಸ್ ಕನೆಕ್ಷನ್ನಿನಲ್ಲಿ ಅಪರಿಚಿತರ ಸಂಸಾರದ ಗುಟ್ಟು ಕೇಳಿದವರಿಗೆ ಈ ದೃಶ್ಯ ಸಹಜವಾಗಿ ಕಾಣುತ್ತದೆ. ಉಳಿದವರಿಗೆ ಇಬ್ಬರು ಒಳ್ಳೆಯ ನಟರು ಬೆನ್ನಿಗೆ ಬೆನ್ನು ಕೊಟ್ಟು ಕಿರುಚುವುದಷ್ಟೇ ಕಾಣುತ್ತದೆ. ಕೌಶಿಕ್ ಅವರ ಮುಖದ ಗಾಬರಿ ನೋಡುವಂತಿದೆ, ಆದರೆ ದೃಶ್ಯ ಬೇಕಾದ್ದಕ್ಕಿಂತ ಉದ್ದ.

ಹೆಂಗಸರ ಪಾತ್ರಗಳ ವಿಷಯದಲ್ಲಿ ಚಿತ್ರ ಸೋಮಾರಿ. ಭಕ್ತಿ ಬರ್ವೆ ಮರಾಠಿ ರಂಗಭೂಮಿಯ ದೊಡ್ಡ ನಟಿ. ಶೋಭಾ ಸೇನ್ ಪಾತ್ರದಲ್ಲಿ ನಿಜವಾದ ಕಸುವಿದೆ: ಭ್ರಷ್ಟರನ್ನು ಬಯಲಿಗೆಳೆಯುತ್ತೇನೆಂದು ಹೊರಟ ಪತ್ರಕರ್ತೆ ಅದೇ ಫೋಟೋ ಇಟ್ಟುಕೊಂಡು ಬ್ಲ್ಯಾಕ್‌ಮೇಲಿಗೆ ಇಳಿಯುವುದು. ಆದರೆ ಆಕೆ ಹಾಗಾಗುವುದನ್ನು ನಾವು ನೋಡುವುದೇ ಇಲ್ಲ, ಆಗಿಬಿಟ್ಟಿರುತ್ತಾಳೆ. ನಡುವೆ ಸಿಗುವುದು ವಿನೋದನ ಒಣ ಪ್ರೇಮ. ನೀನಾ ಗುಪ್ತಾಗೆ ಸಿಕ್ಕಿದ ಪಾತ್ರವಂತೂ ನಿಂತು ನೋಡುವುದಕ್ಕೆ. ಹೆಣಕ್ಕೆ ಬುರ್ಖಾ ಹಾಕಿಸಿ ಸಾಗಿಸುವ ಭಾಗ ಇವತ್ತು ಕೆಲವರಿಗೆ ಮುಜುಗರ ತರುತ್ತದೆ. ಅದು ಯಾರನ್ನೂ ಅವಮಾನಿಸಲು ಬರೆದದ್ದಲ್ಲ, ಆದರೆ ಬೇರೆ ಉಪಾಯ ಹೊಳೆಯದಾಗ ಬರೆದದ್ದು ಎನ್ನುವುದು ಎದ್ದು ಕಾಣುತ್ತದೆ.

ಇನ್ನೊಂದು ತೊಡಕು ಕತ್ತರಿಯದು. ಚಿತ್ರೀಕರಿಸಿದ್ದು ಪರದೆಗೆ ಬಂದದ್ದಕ್ಕಿಂತ ಬಹಳ ಹೆಚ್ಚು. ಅನುಪಮ್ ಖೇರ್ ಮಾಡಿದ್ದ ‘ಡಿಸ್ಕೋ ಕಿಲ್ಲರ್’ ಎಂಬ ಪಾತ್ರ ಪೂರ್ತಿ ಬಿದ್ದುಹೋಗಿದೆ. ಸಂಕಲನಕಾರ್ತಿ ರೇಣು ಸಲೂಜಾ ಉಳಿದದ್ದನ್ನು ಓಡುವಂತೆ ಮಾಡಿದ್ದಾರೆ, ಆದರೂ ಮೊದಲರ್ಧದಲ್ಲಿ ಒಬ್ಬರು ಇಲ್ಲಿಂದ ಅಲ್ಲಿಗೆ ಹೇಗೆ ಬಂದರು ಎಂಬ ಪ್ರಶ್ನೆ ಎರಡು ಮೂರು ಕಡೆ ಎದ್ದೇಳುತ್ತದೆ. ತಲೆ ಕೆಡಿಸಿಕೊಳ್ಳಬೇಡಿ, ಉತ್ತರ ಮುಂದೆಯೂ ಸಿಗುವುದಿಲ್ಲ.

ಈಗ ಡಿಮೆಲ್ಲೊ. ಬದುಕಿದ್ದಾಗ ಅವನಿಗೆ ಎರಡು ಗೀಳು: ಅಮೆರಿಕ ಮತ್ತು ಗಟಾರ. ಅಲ್ಲಿ ಕುಡಿಯುವ ನೀರು ಬೇರೆ, ಗಟಾರದ ನೀರು ಬೇರೆ ಎಂದು ಬೆರಗಾಗಿ ಹೇಳುತ್ತಾನೆ. ಸ್ವಲ್ಪ ತಿನ್ನಬೇಕು, ಸ್ವಲ್ಪ ಎಸೆಯಬೇಕು ಎಂದು ಕೇಕು ತಿನ್ನುವ ಶಿಷ್ಟಾಚಾರ ಕಲಿಸುತ್ತಾನೆ. ಸತ್ತ ಮೇಲೆ ಸಂತಾಪ ಸಭೆಯಲ್ಲಿ ಅವನ ಗಟಾರಪ್ರೇಮದ ಗುಣಗಾನ ನಡೆಯುತ್ತದೆ. ಈ ಭಾಷಣ ಒಂದಿಷ್ಟೂ ಮಾಸಿಲ್ಲ. ಪುರಸಭೆಯ ಯಾವ ಶ್ರದ್ಧಾಂಜಲಿ ಸಭೆಗೆ ಹೋದವರಿಗೂ ಆ ದನಿ, ಆ ವಿರಾಮ, ಆ ಗಂಭೀರ ಮುಖ ಪರಿಚಿತವೇ. ನಟರು ಇಲ್ಲಿ ನಗಿಸಲು ಹೊರಟಿಲ್ಲ, ನಿಜಕ್ಕೂ ದುಃಖಿಸುತ್ತಾರೆ. ಮೊದಲರ್ಧದಲ್ಲಿ ಸೋಲುವ ದೃಶ್ಯಗಳಲ್ಲಿ ಇಲ್ಲದ್ದು ಇದೇ.

1983ರ ಪ್ರೇಕ್ಷಕನಿಗೆ ಬಿಲ್ಡರು, ಸಿಮೆಂಟು, ಅಧಿಕಾರಿ ಎಂದರೆ ಅಂದಿನ ಪತ್ರಿಕೆಯ ಮುಖಪುಟ. ಸಿಮೆಂಟು ಆಗ ಕೋಟಾದಲ್ಲಿ ಸಿಗುತ್ತಿದ್ದ ಸರಕು. ಬಿಲ್ಡರುಗಳಿಗೆ ಸಿಮೆಂಟು ಹಂಚಿದ್ದಕ್ಕೂ ಮುಖ್ಯಮಂತ್ರಿಯೇ ಸ್ಥಾಪಿಸಿದ್ದ ಟ್ರಸ್ಟಿಗೆ ಬಂದ ದೇಣಿಗೆಗೂ ನಂಟಿದೆ ಎಂದು ಬಾಂಬೆ ಹೈಕೋರ್ಟು ಹೇಳಿದ ಮೇಲೆ, 1982ರ ಜನವರಿಯಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿ ಎ.ಆರ್. ಅಂತುಳೆ ರಾಜೀನಾಮೆ ಕೊಟ್ಟಿದ್ದರು. ಚಿತ್ರ ಯಾರ ಹೆಸರನ್ನೂ ಎತ್ತುವುದಿಲ್ಲ. ಎತ್ತಿದ್ದರೆ ಅಂತುಳೆ ಹೆಸರಿನ ಜೊತೆ ಚಿತ್ರವೂ ಮರೆತುಹೋಗುತ್ತಿತ್ತು.

ಹೆಣದ ಭಾಗ ಯಾಕೆ ಗಟ್ಟಿ ಎಂದರೆ, ಅಲ್ಲಿಂದ ಮುಂದೆ ಪ್ರತಿಯೊಬ್ಬರಿಗೂ ಬೇಕಾದ್ದು ಒಂದೇ ವಸ್ತು, ಪ್ರತಿಯೊಬ್ಬರ ಕಾರಣ ಬೇರೆ. ನಾಯಕರಿಗೆ ಅದು ಸಾಕ್ಷಿ. ತರ್ನೇಜಾಗೆ ಮುಚ್ಚಿಹಾಕಬೇಕಾದ ಪಾಪ. ಅಹುಜಾಗೆ ತರ್ನೇಜಾನ ಕುತ್ತಿಗೆ ಹಿಡಿಯುವ ಹಗ್ಗ. ಶೋಭಾಗೆ ದುಡ್ಡು. ಬರಹಗಾರ ಇನ್ನು ಜೋಕು ಹುಡುಕಬೇಕಿಲ್ಲ. ಹೆಣವನ್ನು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಸಾಗಿಸಿದರೆ ಸಾಕು, ಉಳಿದವರು ತಾವಾಗಿ ಹಿಂದೆ ಬರುತ್ತಾರೆ.

ಇದರ ಮೊದಲ ಫಲ ಓಂ ಪುರಿ ಒಬ್ಬರೇ ಹೊತ್ತಿರುವ ರಾತ್ರಿಯ ದೃಶ್ಯ. ಕಂಠಮಟ್ಟ ಕುಡಿದ ಅಹುಜಾ ರಸ್ತೆಯಲ್ಲಿ ಶವಪೆಟ್ಟಿಗೆ ನೋಡಿ, ಅದು ಕೆಟ್ಟು ನಿಂತ ಕಾರೆಂದೂ ಒಳಗಿರುವವನು ಡ್ರೈವರೆಂದೂ ತಿಳಿದು, ಮಾತಿಗಿಳಿದು, ಉಪಕಾರ ಮಾಡುವ ಹುಮ್ಮಸ್ಸಿನಲ್ಲಿ ತನ್ನ ಕಾರಿಗೆ ಕಟ್ಟಿ ಎಳೆದೊಯ್ಯುತ್ತಾನೆ. ಕುಡುಕನ ಪಾತ್ರದಲ್ಲಿ ನಟರು ಸಾಮಾನ್ಯವಾಗಿ ತೂರಾಡುತ್ತಾರೆ, ತೊದಲುತ್ತಾರೆ. ಓಂ ಪುರಿ ಅದಕ್ಕೆ ಉಲ್ಟಾ: ತನಗೆ ಏರಿಲ್ಲ ಎಂದು ತೋರಿಸಲು ಹೆಣಗುವ ಮನುಷ್ಯನನ್ನು ಆಡುತ್ತಾರೆ. ಎದುರಿನವನು ಉತ್ತರಿಸದಿದ್ದಾಗ ಬೇಜಾರಾಗುತ್ತಾರೆ, ರಾಜಿಯಾಗುತ್ತಾರೆ, ಮತ್ತೆ ಸ್ನೇಹ ಬೆಳೆಸುತ್ತಾರೆ. ಇಡೀ ಚಿತ್ರದಲ್ಲಿ ಒಂದೇ ದೃಶ್ಯ ನೋಡಲು ಸಮಯವಿದ್ದರೆ ಎಲ್ಲರೂ ಮುಂದೆ ಬರುವ ಮಹಾಭಾರತ ನಾಟಕದ ದೃಶ್ಯ ಎನ್ನುತ್ತಾರೆ; ನೀವು ಇದನ್ನು ಹಾಕಿ.

ಸತೀಶ್ ಶಾ ಬಗ್ಗೆಯೂ ಹೇಳಬೇಕು. ಹೆಣವಾಗಿ ನಟಿಸುವುದು ಸುಮ್ಮನೆ ಮಲಗುವುದಲ್ಲ. ಈ ಹೆಣ ನಿಲ್ಲಬೇಕು, ಕೂರಬೇಕು, ಕಾಲಿಗೆ ಸ್ಕೇಟ್ಸ್ ಕಟ್ಟಿಸಿಕೊಂಡು ಉರುಳಬೇಕು, ಸೀರೆ ಉಟ್ಟು ರಂಗದ ಮೇಲೆ ನಿಲ್ಲಬೇಕು. ತಳ್ಳಿದಾಗ ಮೈ ಸಹಜವಾಗಿ ತಡೆಯೊಡ್ಡುತ್ತದೆ. ಆ ತಡೆಯನ್ನು ಬಿಟ್ಟುಕೊಟ್ಟರೆ ಬೀಳುತ್ತದೆ. ಎರಡರ ನಡುವೆ ಒಂದು ಸೆಟೆತ ಹಿಡಿದುಕೊಂಡು ಅಷ್ಟು ದೃಶ್ಯಗಳನ್ನು ದಾಟಿದ್ದಾರೆ. ಈ ಚಿತ್ರಕ್ಕೆ ಫಿಲ್ಮ್‌ಫೇರಿನ ಹಾಸ್ಯನಟ ಪ್ರಶಸ್ತಿ ರವಿ ಬಾಸ್ವಾನಿಗೆ ಹೋಯಿತು, ಅದೂ ನ್ಯಾಯವೇ. ಆದರೆ ಸತ್ತ ಮೇಲೆ ಇಷ್ಟು ದುಡಿದ ನಟ ಇನ್ನೊಬ್ಬನಿಲ್ಲ.

ಮಹಾಭಾರತದ ದೃಶ್ಯ ನಮ್ಮ ಪ್ರೇಕ್ಷಕರಿಗೆ ಹೆಚ್ಚು ಹತ್ತಿರ. ಮಂಡ್ಯ, ತುಮಕೂರು ಕಡೆ ‘ಕುರುಕ್ಷೇತ್ರ’ ನಾಟಕ ನೋಡಿದವರಿಗೆ ಆ ಪರಿಸರ ಹೊಸದಲ್ಲ: ಜರಿ ಕಿರೀಟ, ಬಣ್ಣದ ಪರದೆ, ದುಡ್ಡು ಕೊಟ್ಟು ಪಾತ್ರ ಹಿಡಿದಿರುವುದರಿಂದ ಏನಾದರೂ ರಂಗ ಬಿಟ್ಟು ಇಳಿಯದ ಭೀಮ. ಇಲ್ಲಿ ದ್ರೌಪದಿ ವಸ್ತ್ರಾಪಹರಣ ನಡೆಯುತ್ತಿದೆ. ಅಟ್ಟಿಸಿಕೊಂಡು ಬಂದವರೆಲ್ಲ ಸಿಕ್ಕಿದ ವೇಷ ಹಾಕಿ ರಂಗಕ್ಕೆ ನುಗ್ಗಿದ್ದಾರೆ, ದ್ರೌಪದಿಯ ಸೀರೆಯೊಳಗಿರುವುದು ಡಿಮೆಲ್ಲೊನ ಹೆಣ. ದುಶ್ಯಾಸನನಾಗಿರುವವರು ವಿಧು ವಿನೋದ್ ಚೋಪ್ರಾ.

ದೃಶ್ಯದ ಯಂತ್ರ ಹೀಗಿದೆ. ಸೀರೆ ಸೆಳೆದರೆ ಹೆಣ ಬಯಲಾಗುತ್ತದೆ. ಹಾಗಾಗಿ ದುರ್ಯೋಧನನೇ ಅಡ್ಡ ನಿಂತು, ಇಂಥ ಸತಿಯನ್ನು ಕಂಡ ಮೇಲೆ ವಸ್ತ್ರಾಪಹರಣದ ಐಡಿಯಾ ಕೈಬಿಟ್ಟೆ ಎಂದು ಘೋಷಿಸಬೇಕಾಗುತ್ತದೆ. ಕಪ್ಪು ಕನ್ನಡಕದ ಭೀಮನಾಗಿ ಬಂದ ಅಹುಜಾ, ದ್ರೌಪದಿ ಒಬ್ಬನ ಸ್ವತ್ತಲ್ಲ, ನಾವೆಲ್ಲ ಶೇರ್‌ಹೋಲ್ಡರುಗಳು ಎನ್ನುತ್ತಾನೆ. ಅವನಿಗೆ ಅದು ವ್ಯವಹಾರದ ನೇರ ಮಾತು. ಮಹಾಭಾರತದ ಲೆಕ್ಕದಲ್ಲೂ ಅದು ಸರಿಯೇ! ಕಣ್ಣಿಲ್ಲದ ಧೃತರಾಷ್ಟ್ರ ಏನು ನಡೆಯುತ್ತಿದೆ ಎಂದು ಕೇಳುತ್ತಲೇ ಇರುತ್ತಾನೆ. ಪಾತ್ರಕ್ಕೂ ಅದೇ ಪ್ರಶ್ನೆ, ನಟನಿಗೂ ಅದೇ. ಕೊನೆಗೆ ಅಕ್ಬರ್, ಸಲೀಂ ಕೂಡ ಬಂದು ಸೇರುತ್ತಾರೆ. ಯಾರೂ ರಂಗ ಬಿಟ್ಟು ಹೋಗುವಂತಿಲ್ಲ, ಎದುರಿಗೆ ಪ್ರೇಕ್ಷಕರಿದ್ದಾರೆ. ಯಾರೂ ನಿಜ ಹೇಳುವಂತಿಲ್ಲ, ಎಲ್ಲರ ಕೈಗೂ ಮಸಿ. ಈ ಎರಡು ಬೇಲಿಗಳಿಂದಾಗಿಯೇ ಗದ್ದಲ ಎಷ್ಟು ಏರಿದರೂ ದೃಶ್ಯ ಚೆದುರುವುದಿಲ್ಲ. ನಸೀರುದ್ದೀನ್, ಓಂ ಪುರಿ, ಪಂಕಜ್ ಕಪೂರ್, ಸತೀಶ್ ಕೌಶಿಕ್ ನಾಲ್ವರೂ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು. ರಂಗದ ಮೇಲೆ ಕೆಟ್ಟದಾಗಿ ನಟಿಸುವುದನ್ನು ಇಷ್ಟು ಚೆನ್ನಾಗಿ ನಟಿಸಲು ಆ ತರಬೇತಿ ಬೇಕು.

ಈ ದೃಶ್ಯಕ್ಕೆ ಒಂದು ಎಚ್ಚರಿಕೆ. ನಗು ಇರುವುದು ಸಂಸ್ಕೃತ ತುಂಬಿದ ನಾಟಕೀ ಹಿಂದಿಯೂ ಬೊಂಬಾಯಿಯ ಕಚೇರಿ ಇಂಗ್ಲಿಷೂ ಡಿಕ್ಕಿ ಹೊಡೆಯುವಲ್ಲಿ. ಸಬ್‌ಟೈಟಲ್ ಎರಡನ್ನೂ ಒಂದೇ ಇಂಗ್ಲಿಷಿಗೆ ತಟ್ಟಿಬಿಡುತ್ತದೆ. ಹಿಂದಿ ಅಷ್ಟಕ್ಕಷ್ಟೇ ಇದ್ದವರು ಸಬ್‌ಟೈಟಲ್ ಆಫ್ ಮಾಡಿ, ಕಿವಿಗೊಟ್ಟು ನೋಡುವುದೇ ಮೇಲು. ಹಿಂದಿ ನಾಟಕೀ ಮಾತಿನ ಸಂಸ್ಕೃತ ಪದಗಳು ಕನ್ನಡದವರಿಗೆ ಹೇಗೂ ಅರ್ಥವಾಗುತ್ತವೆ. ಈ ವಿಷಯದಲ್ಲಿ ನಾವು ಅನೇಕ ಹಿಂದಿಯವರಿಗಿಂತ ಅನುಕೂಲವಾಗಿದ್ದೇವೆ.

ಮುಕ್ತಾಯದ ಬಗ್ಗೆ ಬರೆದರೆ ಗುಟ್ಟು ಬಿಟ್ಟಂತಾಗುತ್ತದೆ, ಆದರೆ ಅದನ್ನು ಬಿಟ್ಟು ಈ ಚಿತ್ರದ ವಿಮರ್ಶೆ ಸಾಧ್ಯವಿಲ್ಲ. ಡಿಮೆಲ್ಲೊ ಹೆಸರಿಟ್ಟ ಸೇತುವೆ ಕುಸಿಯುತ್ತದೆ. ಕಚ್ಚಾಡುತ್ತಿದ್ದವರೆಲ್ಲ, ಹೊಸ ಕಮಿಷನರನೂ ಶೋಭಾಳೂ ಸೇರಿ, ಒಂದಾಗುತ್ತಾರೆ. ಕುಸಿತದ ಹೊಣೆ ಫೋಟೋ ತೆಗೆದವರ ಮೇಲೆ ಬೀಳುತ್ತದೆ. ಇಬ್ಬರೂ ಕೈದಿಗಳ ಬಟ್ಟೆಯಲ್ಲಿ ಬೊಂಬಾಯಿಯ ರಸ್ತೆಯಲ್ಲಿ ನಡೆಯುತ್ತಾರೆ, ಹಿನ್ನೆಲೆಯಲ್ಲಿ ಶಾಲೆಗಳಲ್ಲಿ ಹಾಡಿಸುವ ‘ಹಮ್ ಹೋಂಗೇ ಕಾಮ್ಯಾಬ್’. ನಮ್ಮತ್ತ ತಿರುಗಿ ಕುತ್ತಿಗೆ ಕುಯ್ದ ಸನ್ನೆ ಮಾಡುತ್ತಾರೆ. ಎರಡು ಗಂಟೆ ನಕ್ಕವರಿಗೆ ಇದು ಮೋಸ ಎನಿಸಬಹುದು. ಇಲ್ಲ: ಮೊದಲ ದೃಶ್ಯದಿಂದಲೂ ಲೆಕ್ಕ ಇದೇ ಕಡೆ ಹೋಗುತ್ತಿತ್ತು. 2016ರ ಮಾರ್ಚಿನಲ್ಲಿ ಕೋಲ್ಕತ್ತದ ವಿವೇಕಾನಂದ ರಸ್ತೆಯ ಫ್ಲೈಓವರ್ ಕಟ್ಟುತ್ತಿರುವಾಗಲೇ ಕುಸಿದಾಗ, ಗುತ್ತಿಗೆ ಸಂಸ್ಥೆಯ ಅಧಿಕಾರಿಯೊಬ್ಬರು ಅದನ್ನು ದೇವರ ಕೆಲಸ ಎಂದಿದ್ದರು. ರಂಜಿತ್ ಕಪೂರ್ ಬರೆದಿದ್ದರೆ ಉತ್ಪ್ರೇಕ್ಷೆ ಎಂದು ಹೊಡೆದುಹಾಕಿಸುತ್ತಿದ್ದರೇನೋ.

ಯಾವ ಪ್ರತಿ ನೋಡಬೇಕು? ಎನ್‌ಎಫ್‌ಡಿಸಿ ಮೂಲ ಫಿಲ್ಮಿನಿಂದ ಡಿಜಿಟಲ್ ಆಗಿ ಸರಿಪಡಿಸಿದ ಪ್ರತಿ 2012ರ ನವೆಂಬರಿನಲ್ಲಿ ಚಿತ್ರಮಂದಿರಗಳಿಗೂ ಬಂದಿತ್ತು. ಹುಡುಕಬೇಕಾದ್ದು ಅದನ್ನೇ. ಟಿವಿಯಿಂದ ಇಳಿಸಿದ ಹಳೆಯ ಪ್ರತಿಗಳಲ್ಲಿ ಬಿನೋದ್ ಪ್ರಧಾನ್ ಹಿಡಿದ ರಾತ್ರಿಯ ದೃಶ್ಯಗಳು ಕಪ್ಪು ಮುದ್ದೆಯಾಗಿವೆ. ಓಂ ಪುರಿಯ ಕಣ್ಣು ಕಾಣದಿದ್ದರೆ ಕುಡಿತದ ದೃಶ್ಯ ಅರ್ಧ ಹೋದಂತೆಯೇ. ಟಿವಿ ಅಗಲಕ್ಕೆ ಹೊಂದಿಸಲು ಮೇಲೆ ಕೆಳಗೆ ಕತ್ತರಿಸಿದ ಪ್ರತಿ ಸಿಕ್ಕಿದರೂ ಬಿಡಿ. ರಂಗದ ದೃಶ್ಯದಲ್ಲಿ ಕಿರೀಟದಿಂದ ಕಾಲಿನವರೆಗೆ ಎಲ್ಲರೂ ಒಟ್ಟಿಗೆ ಕಾಣಬೇಕು.

ಎರಡು ಗಂಟೆಗೂ ಮೀರಿದ ಚಿತ್ರವನ್ನು ಎರಡು ಕಂತಿನಲ್ಲಿ ನೋಡುವುದಾದರೆ, ಫೋಟೋದಲ್ಲಿ ಕೊಲೆ ಕಂಡುಹಿಡಿಯುವಲ್ಲಿ ನಿಲ್ಲಿಸಿ. ಮಾರನೆಯ ದಿನ ಹೆಣದಿಂದ ಶುರುಮಾಡಿದರೆ ವೇಗ ಸಿಕ್ಕುತ್ತದೆ. ಹೆಣದ ಓಟದಿಂದ ರಂಗದ ದೃಶ್ಯದವರೆಗೆ ಮಾತ್ರ ಎಲ್ಲೂ ತುಂಡು ಮಾಡಬೇಡಿ. ಹತ್ತು ಹನ್ನೆರಡು ವರ್ಷದ ಮಕ್ಕಳು ದ್ವಿತೀಯಾರ್ಧವನ್ನು ದೊಡ್ಡವರಿಗಿಂತ ಚೆನ್ನಾಗಿ ಆನಂದಿಸುತ್ತಾರೆ, ಕೊನೆಯ ಸನ್ನೆ ಯಾಕೆ ಎಂದು ಕೇಳುತ್ತಾರೆ, ಉತ್ತರ ಸಿದ್ಧವಿಟ್ಟುಕೊಳ್ಳಿ. ಮಹಾಭಾರತದ ತುಣುಕನ್ನು ಮಾತ್ರ ಮೊಬೈಲಿನಲ್ಲಿ ನೋಡಿ ‘ಇಷ್ಟೇನಾ’ ಎಂದವರ ಮಾತಿಗೆ ಬೆಲೆ ಕೊಡಬೇಕಿಲ್ಲ. ಸೀರೆಯೊಳಗೆ ಯಾರಿದ್ದಾನೆ, ಅವನು ಯಾರ್ಯಾರಿಗೆ ಯಾಕೆ ಬೇಕು ಎಂದು ಗೊತ್ತಿಲ್ಲದೆ ನೋಡಿದರೆ ಅದು ಬರೀ ಕೂಗಾಟವೇ.